ಬಲಗಡೆ ಆಡೋ ಎಡಗಾಲ ಹುಡುಗ: ಆಟ ಸುಧಾರಿಸೇತಿ, ಕಾರ್ನರ್ ಯಾಕ ಗೋಲ್ ಆಗವಲ್ವು?

ಸಪ್ತಾಪುರ ಸ್ಟಾಪರ್:
ನಮ್ಮ ಜೂನಿಯರ್ ಫುಟ್‌ಬಾಲ್ ತಂಡದ ಬಲಗಡೆ ವಿಂಗರ್ (ಬದಿ ಗೆರಿ ಹಿಡದು ದಾಳಿ ಮಾಡಾವ) ಬಗ್ಗೆ ಎಲ್ಲಾರೂ ಮಾತಾಡಾಕತ್ತೀರಿ. ಹೆಸರು ಬ್ಯಾಡ್ರಿ, ಇನ್ನೂ 17 ತುಂಬಿಲ್ಲ ಅವಗ. "ಹುಡುಗ" ಅಂತನ ಕರಿಯೂಣು. ಹೋದ ವರ್ಷದ ಆಟಕ್ಕೂ ಈಗಿನ ಆಟಕ್ಕೂ ಏನು ಫರಕ್ ಆಗೇತಿ ಅಂತ ನನಗ ಕಂಡಿದ್ದು ಬರಿತೇನಿ, ತಪ್ಪಿದ್ರ ತಿದ್ರಿ.

ಮೊದಲನೇದು ಚೆಂಡು ತಗೊಳ್ಳೋ ರೀತಿ. ಮೊದಲೆಲ್ಲಾ ರೈಟ್ ಬ್ಯಾಕ್ (ಹಿಂದ ಬಲಗಡೆ ಆಡೋ ಡಿಫೆಂಡರ್) ಕೊಟ್ಟ ಚೆಂಡನ್ನ ಯಾವಾಗ್ಲೂ ಎಡಗಾಲಿಂದನ ನಿಲ್ಲಸ್ತಿದ್ದ. ಬದಿ ಗೆರಿಗೆ ಬೆನ್ನು ಹಚ್ಚಿ ನಿಂತವಗ ಹಿಂದಿಂದ ಬರೋ ಚೆಂಡಿಗೆ ಎಡಗಾಲು ಸನೇದ ಕಾಲು. ಅದರಿಂದ ತಡದ್ರ ಮೈ ನಮ್ಮ ಗೋಲಿನ ಕಡೆ ತಿರಗತೈತಿ, ಅಷ್ಟೊತ್ತಿಗೆ ಎದುರಿನ ಲೆಫ್ಟ್ ಬ್ಯಾಕ್ ಬೆನ್ನಿಗೆ ಬಂದು ಅಂಟ್ಕೊಂಡ್ಬಿಡ್ತಾನ. ಈಗ ಚೆಂಡನ್ನ ಮೈಮುಂದಿಂದ ಹಾಯಾಕ ಬಿಟ್ಟು, ದೂರದ ಕಾಲು ಅಂದ್ರ ಬಲಗಾಲಿಂದ ಮುಂದಕ್ಕ ತಳ್ಳತಾನ. ಒಂದ ಟಚ್‌ನಾಗ ಎದುರಿನ ಗೋಲಿಗೆ ಮುಖ ಆತು. ನೋಡಾಕ ಸಣ್ಣದು, ಅವನ ಆಟ ಅರ್ಧ ಬದಲಾಗಿದ್ದು ಇದರಿಂದನ.

ಎರಡನೇದು, ಹೊರಗ ಹೋಗಾಕ ಕಲ್ತಾನ. ಎಡಗಾಲವ ಬಲಗಡೆ ಆಡಿದ್ರ ಒಳಗ ಕಟ್ ಮಾಡ್ತಾನ ಅನ್ನೋದು ಊರಿಗೆಲ್ಲಾ ಗೊತ್ತಿರೋ ಗುಟ್ಟು. ಡಿಫೆಂಡರ್ ಸುಮ್ಮನ ಒಳಗಿನ ದಾರಿ ಮುಚ್ಚಿ ನಿಲ್ತಿದ್ದ, ಇವ ಅಲ್ಲೇ ಹೋಗಿ ಡಿಕ್ಕಿ ಹೊಡಿತಿದ್ದ. ಈಗ ನಡನಡುವ ಹೊರಗಿಂದ ಹೋಗಿ ಗೋಲ್ ಗೆರಿ ಮುಟ್ಟಿ ಬಲಗಾಲಿಂದ ಪೆನಾಲ್ಟಿ ಸ್ಪಾಟ್ (ಗೋಲಿನ ಎದುರು ಪೆನಾಲ್ಟಿ ಒದಿಯೋ ಚುಕ್ಕಿ) ಕಡೆ ನೆಲದ ಮ್ಯಾಲೆ ಹಿಂದಕ್ಕ ಕೊಡ್ತಾನ. ಬಲಗಾಲಿನ ಪಾಸ್ ಅಷ್ಟೇನೂ ಚಂದಿಲ್ಲ, ಚಂದ ಇರೋದೂ ಬ್ಯಾಡ. ಹೊರಗೂ ಹೋಗ್ತಾನ ಅನ್ನೋ ಅಂಜಿಕಿ ಹುಟ್ಟಿದ್ರ ಸಾಕು, ಒಳಗಿನ ದಾರಿ ತಾನ ಬಿಚ್ಚತೈತಿ.

ಉಳಿದದ್ದು ಕಾರ್ನರ್, ಅಂದ್ರ ಅಂಗಳದ ಮೂಲಿಯಿಂದ ಒದಿಯೋ ಚೆಂಡು. ಎರಡೂ ಕಡೆ ಅವನ ಒದಿತಾನ. ಒಂದೂ ಸರಿಯಾದ ತಲಿಗೆ ಮುಟ್ಟವಲ್ದು. ಕಾಲು ಚಲೋ ಐತಿ, ಎಲ್ಲಿ ತಪ್ಪಾಕತ್ತೇತಿ?

ಗದಗ ಎಡಗಾಲ:
ಸ್ಟಾಪರ್ ಕಾಕಾ, ಬರೋಬ್ಬರಿ ಹೇಳೀರಿ. ಇನ್ನೊಂದು ಸೇರಸ್ರಿ: ವೇಗ ಮುರಿಯೋದು ಕಲ್ತಾನ. ಮೊದಲ ಚೆಂಡು ಸಿಕ್ಕ ಕೂಡ್ಲೇ ಓಡೋದ ಓಡೋದು. ಈಗ ಡಿಫೆಂಡರ್ ಎದುರಿಗೆ ಎರಡು ಮೂರು ಹೆಜ್ಜಿ ನಿಧಾನ ಬರ್ತಾನ, ಆ ಕಡೆಯವ ಕಾಲು ಚಾಚಿ ನಿಂತ ಗಳಿಗಿಗೆ ಬಿಡ್ತಾನ. ಚೆಂಡಿನ ಮ್ಯಾಲೆ ಕಾಲಾಡಿಸೋ ಆಟ ಕಡಿಮಿ ಮಾಡ್ಯಾನ, ಅದೂ ಒಂದು ಸುಧಾರಣೆನ.

ಇನ್ನ ಕಾರ್ನರ್. ಬಲಗಡೆ ಮೂಲಿಯಿಂದ ಎಡಗಾಲಲ್ಲಿ ಒದ್ರ ಚೆಂಡು ಗೋಲಿನ ಕಡೆ ಒಳಕ್ಕ ತಿರಗತೈತಿ, ಇನ್‌ಸ್ವಿಂಗ್. ಎಡಗಡೆ ಮೂಲಿಯಿಂದ ಅದ ಕಾಲಲ್ಲಿ ಒದ್ರ ಗೋಲಿನಿಂದ ಹೊರಕ್ಕ ತಿರಗತೈತಿ, ಔಟ್‌ಸ್ವಿಂಗ್. ಇವನ ಔಟ್‌ಸ್ವಿಂಗ್ ಚಲೋ ಹೋಗ್ತೈತಿ, ಇನ್‌ಸ್ವಿಂಗ್ ಮೊದಲ ಡಿಫೆಂಡರ್‌ನ ಎದಿಗೆ ಬಡಿತೈತಿ. ಅದಕ್ಕ ಕಾರಣ ಕಾಲಲ್ಲ, ನೆಲ. ಎಡಗಾಲವ ಚೆಂಡಿನ ಬಲಗಡೆಯಿಂದ ಓರೆಯಾಗಿ ಓಡಿ ಬರಬೇಕು. ಬಲ ಮೂಲ್ಯಾಗ ಆ ಜಾಗ ಗೋಲ್ ಗೆರಿಯಿಂದ ಹೊರಗ ಬರತೈತಿ. ನಮ್ಮ ಮೈದಾನದಾಗ ಅಲ್ಲಿ ಏನೈತಿ? ಹಗ್ಗ, ಹಗ್ಗದ ಹಿಂದ ನಿಂತ ಮಂದಿ, ಒಂದು ಗಟಾರದ ಕಲ್ಲು. ಎರಡು ಹೆಜ್ಜಿಗಿಂತ ಹೆಚ್ಚು ಜಾಗಿಲ್ಲ. ಎಡ ಮೂಲ್ಯಾಗ ಓಟ ಬದಿ ಗೆರಿ ಕಡೆಯಿಂದ ಬರತೈತಿ, ಅಲ್ಲಿ ಐದಾರು ಹೆಜ್ಜಿ ಖಾಲಿ. ಅದಕ್ಕ ಅಲ್ಲಿ ಕಾಲು ಪೂರ್ತಿ ಬೀಸತಾನ.

ಚೆಂಡು ಇಡೋದೂ ತಪ್ಪು. ಕಾರ್ನರ್ ಕಮಾನಿನ ತ್ರಿಜ್ಯ 1 ಮೀಟರ್. ಅದರೊಳಗ ಎಲ್ಲಿ ಬೇಕಾದ್ರೂ ಇಡಬಹುದು. ಇವ ಬದಿ ಗೆರಿ ಕಡೆ ಇಡ್ತಾನ, ಧ್ವಜದ ಕೋಲು ಓಟಕ್ಕ ಅಡ್ಡ ಬರತೈತಿ, ತಪ್ಪಿಸಾಕ ಹೋಗಿ ಸೊಂಟ ತಿರಗತೈತಿ. ಗೋಲ್ ಗೆರಿ ಕಡೆ ತುದಿಗೆ ಇಟ್ರ ಕೋಲು ಬೆನ್ನ ಹಿಂದ ಹೋಕ್ಕೈತಿ.

ಆಮ್ಯಾಲೆ ಊರೋ ಕಾಲು. ಬಲಗಾಲು ಚೆಂಡಿನ ಮಗ್ಗಲಿಗೆ ಒಂದು ಗೇಣು ದೂರ ಬೀಳಬೇಕು, ಬೆರಳು ಚೆಂಡು ಹೋಗಬೇಕಾದ ಕಡೆ ನೋಡಬೇಕು. ಭಾಳ ಹಿಂದ ಬಿದ್ರ ಮೈ ಹಿಂದಕ್ಕ ವಾಲಿ ಚೆಂಡು ಬಲೂನ್‌ನಂಗ ಏಳತೈತಿ, ಕೀಪರ್‌ಗೆ ಊಟ ಬಡಿಸಿದಂಗ. ಭಾಳ ಸನೇಕ ಬಿದ್ರ ಕಾಲು ಬೀಸಾಕ ಜಾಗಿಲ್ಲದ ಚೆಂಡು ಮಣಕಾಲಮಟ ಹೋಕ್ಕೈತಿ. ಹೊಡಿಯೋದು ಚೆಂಡಿನ ಎಡ ಅರ್ಧದ ಕೆಳಭಾಗಕ್ಕ, ಹೆಬ್ಬೆರಳಿನ ಬುಡದ ಎಲುವಿನಿಂದ.

ಕೇಶ್ವಾಪುರ ಕೀಪರ್:
ನಿಮ್ಮ ಕಾಲಿನ ಪಾಠ ಖರೆ. ಆದ್ರ ಚೆಂಡು ಚಲೋ ಬಂದಾಗೂ ಗೋಲ್ ಆಗಿಲ್ಲಲ್ಲಾ, ಅದನ್ನ ಯಾರೂ ಹೇಳವಲ್ರಿ. ಗೋಲ್ ಕಂಬದ ನಡುವ ನಿಂತು ನೋಡ್ರಿ.

ಅಂಗಳ 68 ಮೀಟರ್ ಅಗಲ ಇದ್ರ ಮೂಲಿಯಿಂದ ಸನೇದ ಕಂಬಕ್ಕ 30 ಮೀಟರ್ ಚಿಲ್ಲರ. ಚೆಂಡು ಅಷ್ಟು ದೂರ ಗಾಳ್ಯಾಗ ಬರೋದನ್ನ ಕೀಪರ್ ಆರಾಮಾಗಿ ಓದ್ತಾನ. ಅವಗ ತ್ರಾಸ ಆಗೋದು ದಾರಿ ಇಲ್ಲದಾಗ. ಗೋಲಿನ ಮುಂದಿನ 5.5 ಮೀಟರ್ ಬಾಕ್ಸ್‌ನಾಗ ಮಂದಿ ತುಂಬಿದ್ರ ಹೊರಗ ಬರಬೇಕೋ ಗೆರಿ ಮ್ಯಾಲೆ ನಿಲ್ಲಬೇಕೋ ತಿಳಿಯೂದಿಲ್ಲ. ನಮ್ಮ ಹುಡುಗ್ರು ಏನ್ ಮಾಡ್ತಾರ? ಐದೂ ಮಂದಿ ಪೆನಾಲ್ಟಿ ಸ್ಪಾಟ್ ಹತ್ರ ನಿಂತು ಚೆಂಡು ನೋಡ್ತಾರ. ಒದ್ದ ಮ್ಯಾಲೆ ಓಡಾಕ ಚಾಲೂ ಮಾಡ್ತಾರ. ತಡ ಆತಲ್ಲ.

ಇಂಗ್ಲೆಂಡಿನ ಆರ್ಸೆನಲ್ ತಂಡದ ಕಾರ್ನರ್ ನೋಡ್ರಿ. ಬಲಗಡೆಯಿಂದ ಸಾಕಾ ಎಡಗಾಲು, ಎಡಗಡೆಯಿಂದ ರೈಸ್ ಬಲಗಾಲು. ಎರಡೂ ಇನ್‌ಸ್ವಿಂಗ್. ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್‌ನಂತ ನಿಂತ ಚೆಂಡಿನ ಆಟ) ಕೋಚ್ ನಿಕೋಲಾ ಜೋವರ್ 2021ರಾಗ ಮ್ಯಾಂಚೆಸ್ಟರ್ ಸಿಟಿಯಿಂದ ಬಂದ ಮ್ಯಾಲೆ ಅವರ ಕಾರ್ನರ್ ಅಂದ್ರ ಎದುರಿನವರು ಅಂಜೋ ಹಂಗಾತು. ಒದಿಯೋರು ಚೆಂಡನ್ನ ಹೊಳ್ಳಿ ಹೊಳ್ಳಿ ಅದ ಜಾಗಕ್ಕ ಹಾಕ್ತಾರ. ಓಡೋರು ದೂರದ ಕಂಬದ ಆಚೆ ಗುಂಪಾಗಿ ನಿಂತು, ಚೆಂಡು ಕಾಲು ಬಿಡೋಕಿಂತ ಮೊದಲ ಹೊರಡ್ತಾರ. ಅವರ ಡಿಫೆಂಡರ್ ಗೇಬ್ರಿಯಲ್ ಮಗಾಲ್ಯಾಯ್ಸ್ ನಿಂತಲ್ಲಿಂದ ಜಿಗಿಯೂದಿಲ್ಲ, ಓಡಿ ಬಂದು ಜಿಗಿತಾನ. ಅವನ್ನ ಕಾಯೋ ಎದುರಿನವ ನಿಂತಲ್ಲಿಂದ ಜಿಗಿಬೇಕು. ಫರಕ್ ಅಲ್ಲೇ ಐತಿ.

ನಮ್ಮಲ್ಲಿ ಇದನ್ನ ಟಿವ್ಯಾಗ ನೋಡಿ ಕೀಪರ್‌ನ ಅಂಗಿ ಜಗ್ಗೋದಷ್ಟ ಕಲ್ತಾರ. ಫೌಲ್ ಕೊಟ್ಟು ಕುಂದರ್ತಾರ.

ಬೆಟಗೇರಿ ಲೈನ್ಸ್‌ಮನ್:
ಕೀಪರ್ ಅಣ್ಣಾವ್ರ ಕೊನೆಯ ಮಾತಿಗೆ ನಿಯಮ ಸೇರಿಸುತ್ತೇನೆ, ಏಕೆಂದರೆ ಅಂಗಿ ಜಗ್ಗುವುದಕ್ಕೂ ದಾರಿಗೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಮೈದಾನದಲ್ಲಿ ತಾನು ನಿಂತ ಜಾಗದ ಮೇಲೆ ಪ್ರತಿ ಆಟಗಾರನಿಗೂ ಹಕ್ಕಿದೆ. ಕೀಪರ್ ಮುಂದೆ ಮೊದಲೇ ಹೋಗಿ ನಿಂತರೆ ತಪ್ಪಲ್ಲ. ಕೀಪರ್ ಹೊರಟ ಮೇಲೆ ಅವನ ದಾರಿಗೆ ಅಡ್ಡ ಸರಿದರೆ ತಪ್ಪು: ಮೈ ತಾಗದಿದ್ದರೆ ಎದುರಿನವರಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರ ಹೋದರೆ ಗೋಲಲ್ಲ), ತಾಗಿದರೆ ಡೈರೆಕ್ಟ್ (ನೇರ ಹೋದರೂ ಗೋಲ್). ಹಾಗಾಗಿ ನಿಲ್ಲುವವನು ಬೇಗ ಹೋಗಿ ನಿಲ್ಲಲಿ, ಕೈ ಮೈಗೆ ಅಂಟಿಸಿಕೊಂಡಿರಲಿ, ಕಾಲು ಕದಲಿಸದಿರಲಿ.

ಹುಡುಗನ ಇನ್ನೊಂದು ತಪ್ಪು ಶಾರ್ಟ್ ಕಾರ್ನರ್, ಅಂದರೆ ಮೂಲೆಯಿಂದ ಹತ್ತಿರದವನಿಗೇ ಕೊಡುವುದು. ಕಾರ್ನರಿನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಪಕ್ಕದವನಿಗೆ ಕೊಟ್ಟು ಅಲ್ಲೇ ಗೆರೆಯ ಬಳಿ ನಿಂತು ವಾಪಸ್ ಕೇಳುತ್ತಾನೆ. ಅಷ್ಟರಲ್ಲಿ ಡಿಫೆಂಡರುಗಳು ಎರಡು ಹೆಜ್ಜೆ ಮುಂದೆ ಬಂದಿರುತ್ತಾರೆ. ಆಗ ಇವನು ಚೆಂಡಿಗಿಂತಲೂ, ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲ್ ಗೆರೆಗೆ ಹತ್ತಿರ. ಬಾವುಟ ಏಳುತ್ತದೆ, ನಮ್ಮ ಕಡೆಯವರೇ "ಕಾರ್ನರಿಗೆ ಎಲ್ಲಿಯ ಆಫ್‌ಸೈಡ್ರೀ" ಎಂದು ಕೂಗುತ್ತಾರೆ. ಮದ್ದು ಸರಳ: ಕೊಟ್ಟ ಕ್ಷಣವೇ ಅಂಗಳದೊಳಕ್ಕೆ, ಚೆಂಡಿನ ಹಿಂದಕ್ಕೆ ಓಡಬೇಕು.

2025-26ರ ನಿಯಮದಿಂದ ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫರಿ ಕೈ ಎತ್ತಿ ಎಣಿಸುತ್ತಾರೆ. ಕೀಪರ್ ನಿಂತ ಜಾಗಕ್ಕೆ ಹತ್ತಿರದ ಮೂಲೆಯಿಂದ ಒದೆಯಬೇಕು. ಮುನ್ನಡೆಯಲ್ಲಿದ್ದಾಗ ಚೆಂಡು ಅಪ್ಪಿಕೊಂಡು ಮಲಗುವ ಕೀಪರುಗಳು ಇದನ್ನು ಓದಿಕೊಳ್ಳಲಿ.

ಕೇಶ್ವಾಪುರ ಕೀಪರ್:
ಕಡೀ ಸಾಲು ಯಾರಿಗೆ ಅಂತ ತಿಳಿತ್ರಿ ಲೈನ್ಸ್‌ಮನ್ ಸರ್ 😄

ಹಾವೇರಿ ಹಾಫ್‌ಬ್ಯಾಕ್:
ನಾನು ಬ್ಯಾರೆ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎರಡೂ ಮೂಲಿ ಇವಗ ಯಾಕ ಕೊಡ್ತೀರಿ? ಎಡ ಮೂಲ್ಯಾಗ ಒದ್ದ ಮ್ಯಾಲೆ ಇವನ ಜಾಗ ಅಂಗಳದ ಆಚೆ ದಂಡಿಗೆ. ಚೆಂಡು ಅವರ ಕೈಗೆ ಸಿಕ್ತು ಅಂದ್ರ ನಮ್ಮ ಬಲಗಡೆ ಪೂರಾ ಖಾಲಿ, ತಂಡದಾಗ ಎಲ್ಲಾರಿಗಿಂತ ಜೋರ ಓಡೋ ಹುಡುಗ ಅತ್ತ ಮೂಲ್ಯಾಗ ನಿಂತು ನೋಡ್ತಾನ. ನಮ್ಮ ಲೆಫ್ಟ್ ಹಾಫ್ ಬಲಗಾಲವ. ಎಡ ಮೂಲಿ ಅವಗ ಬಿಟ್ರ ಅದೂ ಇನ್‌ಸ್ವಿಂಗ್ ಆಕ್ಕೈತಿ, ಹುಡುಗ ಬಾಕ್ಸ್ ಅಂಚಿನಾಗ ಬಲಗಡೆ ಉಳಿತಾನ. ಹೊರಗ ಬಂದ ಚೆಂಡು ಅಲ್ಲೇ ಅವನ ಎಡಗಾಲಿಗೆ ಬೀಳತೈತಿ.

ಯಾರೂ ಲೆಕ್ಕಕ್ಕ ಹಿಡಿಯದ ಜಾಗ ಅದು. ಹೆಡ್ ಮಾಡಿ ಹೊರಗ ಹಾಕಿದ ಚೆಂಡು ಭಾಳ ಸಲ ಗೋಲಿನಿಂದ 18ರಿಂದ 22 ಮೀಟರ್ ನಡುವ ಬೀಳತೈತಿ. ಅಲ್ಲಿ ನಮ್ಮವರು ಒಬ್ರೂ ಇರೂದಿಲ್ಲ. ಇಬ್ಬರು ಹಿಂದ ಕಾವಲು, ಒಬ್ಬ ಬಾಕ್ಸ್ ಮುಂದಿನ ಕಮಾನಿನ ಹತ್ರ, ಇನ್ನೊಬ್ಬ ಒದ್ದ ಮೂಲಿ ಕಡೆ ಹೊಳ್ಳಿ ಬಂದ ಚೆಂಡಿಗೆ. ಒದಿಯಾವ ಒಬ್ಬ. ಕೀಪರ್ ಬಿಟ್ಟು ಒಳಗ ಐದು ಮಂದಿ ಉಳಿತಾರ, ಸಾಕು. ಏಳು ಮಂದಿ ಒಳಗ ನುಗ್ಗಿದ್ರ ನಮ್ಮವರ ತಲಿ ನಮ್ಮವರ ತಲಿಗೇ ಬಡಿತಾವ.

ಕಾರ್ನರ್ ಅಂದ್ರ ಏನು ಅಂತ ಬೆಂಗಳೂರು ಎಫ್‌ಸಿ ನೋಡಿದವರಿಗೆ ಹೇಳಬೇಕಾ? 2019 ಮಾರ್ಚ್ 17, ಮುಂಬೈ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಎದುರಿಗೆ ಗೋವಾ. 116 ನಿಮಿಷ ಗೋಲಿಲ್ಲ. 117ಕ್ಕ ಡಿಮಾಸ್ ಡೆಲ್ಗಾಡೋ ಕಾರ್ನರ್, ರಾಹುಲ್ ಭೇಕೆ ತಲಿ, ಕಪ್ ನಮ್ದು.

ಗದಗ ಎಡಗಾಲ:
ಹಾಫ್‌ಬ್ಯಾಕ್ ಅಣ್ಣಾರ, ಎಡ ಮೂಲಿ ಬಿಟ್ಟುಕೊಡೋದಕ್ಕ ನನ್ನ ಒಪ್ಪಿಗಿ ಪೂರ್ತಿ ಇಲ್ಲ. ಎದುರಿನ ಕೀಪರ್ ಎತ್ತರ ಇದ್ದು ಹೊರಗ ಬಂದು ಹಿಡಿಯಾವ ಆಗಿದ್ರ ಇನ್‌ಸ್ವಿಂಗ್ ಅವಗ ಹಬ್ಬ. ಔಟ್‌ಸ್ವಿಂಗ್ ಅವನಿಂದ ದೂರ ಓಡತೈತಿ, ಓಡಿ ಬರೋ ನಮ್ಮವನ ಹಣಿಗೆ ಎದುರಾಗಿ ಬರತೈತಿ. ಎರಡೂ ಇಟ್ಕೋಬೇಕು. ಆದ್ರ ಗಟ್ಟಿ ಗಾಳಿ ಇದ್ದ ದಿನ ನಿಮ್ಮ ಮಾತ ಸರಿ.

ಗಾಳಿ ವಿಷಯ ಬಂತಲ್ಲ, ಗದಗಿನವರು ಬಿಡೂದಿಲ್ಲ. ಕಪ್ಪತಗುಡ್ಡದ ಮ್ಯಾಲೆ ಸುಮ್ಮನ ಗಾಳಿ ಗಿರಣಿ ಕೂಡ್ಸಿಲ್ಲ. ಆಷಾಢದಾಗ ಪಡುವಲ ಗಾಳಿ ಹಿಡೀತಂದ್ರ ಒಂದ ಅಂಗಳದಾಗ ಎರಡು ಮೂಲಿ ಎರಡು ಬ್ಯಾರೆ ಆಟ. ಎದುರು ಗಾಳಿಗೆ ಒದ್ರ ಚೆಂಡು ಹೆಚ್ಚು ತಿರಗತೈತಿ ಮತ್ತ ಲಗೂ ಬೀಳತೈತಿ. ಯಾಕಂದ್ರ ತಿರಗೋ ಚೆಂಡಿಗೆ ಗಾಳಿ ಎಷ್ಟು ಜೋರ ಹಾಯತೈತಿ, ಬದಿಗೆ ತಳ್ಳೋ ಬಲ ಅಷ್ಟು ಹೆಚ್ಚು. ಹಿಂದಿನಿಂದ ಗಾಳಿ ಇದ್ರ ಉಲ್ಟಾ: ತಿರುವು ಕಡಿಮಿ, ದೂರ ಹೆಚ್ಚು, ಚೆಂಡು ದೂರದ ಕಂಬ ದಾಟಿ ಆಚೆ ಬೀಳತೈತಿ. ಇವ ಎರಡಕ್ಕೂ ಒಂದ ನಮೂನಿ ಒದಿತಾನ. ಎದುರು ಗಾಳಿಗೆ ಎತ್ತರ ಬ್ಯಾಡ, ಎತ್ತಿದ್ದೆಲ್ಲಾ ಗಾಳಿಪಾಲು. ಗೋಲಿನ ಕಡೆ ಬೀಸೋ ಗಾಳಿ ಇದ್ರ ಪೆನಾಲ್ಟಿ ಸ್ಪಾಟ್‌ಗೆ ಗುರಿ ಇಟ್ಟು ಬಿಡಬೇಕು, ಗಾಳಿನ ಒಳಗ ತರತೈತಿ. ಅಂತಾ ದಿನ ಕಂಬಕ್ಕ ಗುರಿ ಇಟ್ರ ಚೆಂಡು ಗಾಳ್ಯಾಗ ಗೋಲ್ ಗೆರಿ ದಾಟಿ ಹೊಳ್ಳಿ ಒಳಗ ಬರತೈತಿ, ಪೂರ್ತಿ ದಾಟಿದ್ದು ಕಂಡ್ರ ಲೈನ್ಸ್‌ಮನ್ ಗೋಲ್ ಕಿಕ್ ಕೊಟ್ಟ ಬಿಡ್ತಾರ. ಒದಿಯೋಕಿಂತ ಮೊದಲ ಒಂದು ಚಿಟಿಕಿ ಮಣ್ಣು ಮ್ಯಾಲಿಂದ ಬಿಟ್ಟು ನೋಡೋದು ಎಷ್ಟೊತ್ತಿನ ಕೆಲಸ?

ಸಪ್ತಾಪುರ ಸ್ಟಾಪರ್:
ಧಾರವಾಡದ ಜಿಟಿಜಿಟಿ ಮಳಿನೂ ಸೇರಸ್ರಿ. ಹೊಲಿಗಿ ಬಿಚ್ಚಿದ ಹಳೇ ಚೆಂಡು ನೀರು ಕುಡದ್ರ ಕಲ್ಲಾಗತೈತಿ. ನಿಯಮದ ತೂಕ 410ರಿಂದ 450 ಗ್ರಾಂ, ಅದೂ ಪಂದ್ಯ ಚಾಲೂ ಆಗೋ ಹೊತ್ತಿಗೆ. ಅರ್ಧ ಆಟಕ್ಕ ಎಷ್ಟಾಗಿರ್ತೈತೋ ಯಾರು ತೂಗ್ತಾರ. ಗಾಳಿ ಒತ್ತಡ ಸಮುದ್ರಮಟ್ಟದ ಲೆಕ್ಕದಾಗ 0.6ರಿಂದ 1.1 ಅಟ್ಮಾಸ್ಫಿಯರ್ ಅಂತ ಐತಿ, ನಮ್ಮಲ್ಲಿ ಹೆಬ್ಬೆರಳಿಂದ ಒತ್ತಿ "ಆತು ಬಿಡು" ಅಂತಾರ. ಒಂದು ಪ್ರೆಶರ್ ಗೇಜ್ ತಗೊಂಡ್ರ ತಂಡ ದಿವಾಳಿ ಆಗೂದಿಲ್ಲ. ಪ್ರಾಕ್ಟೀಸ್‌ಗೆ ಮೆತ್ತನ ಚೆಂಡು, ಪಂದ್ಯಕ್ಕ ಬಿರುಸು ಚೆಂಡು ಕೊಟ್ರ ಹುಡುಗನ ಅಂದಾಜು ತಪ್ಪದ ಇನ್ನೇನು?

ಎರಿ ಮಣ್ಣಿನ ಅಂಗಳದಾಗ ಊರೋ ಕಾಲಿನದ ದೊಡ್ಡ ಫಜೀತಿ. ಹಸಿ ಎರಿ ಸ್ಟಡ್‌ಗೆ ಮೆತ್ತಿ ಬೂಟು ಅಡಿ ಸಪಾಟಾಗತೈತಿ, ಬಲಗಾಲು ಊರಿದ ಕೂಡ್ಲೇ ಜಾರತೈತಿ. ಮೂಲಿಗೆ ಹೋದ ಮ್ಯಾಲೆ ಮೊದಲ ಕೆಲಸ ಬೂಟಿನ ಮಣ್ಣು ಕೆರದು ತಗಿಯೋದು. ಮಸಾರಿ ನೆಲದಾಗ ಆ ತ್ರಾಸಿಲ್ಲ, ಅಲ್ಲಿ ಚೆಂಡು ಪುಟಿಯೋದು ಹೆಚ್ಚು. ನೆಲಕ್ಕ ಬಡದು ಬರೋ ಕಾರ್ನರ್ ಅಲ್ಲಿ ಕೆಟ್ಟದ್ದಲ್ಲ.

ಕೇಶ್ವಾಪುರ ಕೀಪರ್:
ಕಾರ್ನರ್ ಸಾಕ್ರಿ, ಬದಿಯ ಫ್ರೀ ಕಿಕ್ ಬಗ್ಗೆ ಹೇಳ್ರಿ. ಹುಡುಗ ಅಲ್ಲಿ ಹೆಚ್ಚು ಅಪಾಯ. ಬಲಗಡೆ 30 ಮೀಟರಿಂದ ಎಡಗಾಲಲ್ಲಿ ದೂರದ ಕಂಬಕ್ಕ ಬಿಟ್ಟ ಚೆಂಡು ಯಾರೂ ಮುಟ್ಟದಿದ್ರೂ ಗೋಲಿಗೆ ಹೋಗಬೇಕು. ಯಾರಾದ್ರೂ ಮುಟ್ಟತಾರ ಅಂತ ಕೀಪರ್ ತಡೀತಾನ, ತಡದಾಗ ಹೋತು. ಹುಡುಗ ಮಾತ್ರ ಪೆನಾಲ್ಟಿ ಸ್ಪಾಟ್‌ಗೆ ಎತ್ತಿ ಹಾಕ್ತಾನ, ಅದು ನಮಗ ಸುಲಭ. ನೇರ ಹೊಡಿಯಾಕ ಆತುರ ಬ್ಯಾಡ. 2025 ಏಪ್ರಿಲ್ 8ಕ್ಕ ರಿಯಲ್ ಮ್ಯಾಡ್ರಿಡ್ ಮ್ಯಾಲೆ ರೈಸ್ ಎರಡು ಫ್ರೀ ಕಿಕ್ ಗೋಲ್ ಹೊಡದಾಗಿಂದ ಪ್ರತಿಯೊಬ್ಬ ಹುಡುಗನೂ 35 ಮೀಟರಿಂದ ಗೋಲಿಗೇ ನೋಡ್ತಾನ.

ಬೆಟಗೇರಿ ಲೈನ್ಸ್‌ಮನ್:
ಫ್ರೀ ಕಿಕ್ಕಿನಲ್ಲಿ ಎರಡು ಎಚ್ಚರಿಕೆ. ಚೆಂಡಿಗೆ ಅಡ್ಡಲಾಗಿ ಎದುರಾಳಿಗಳು ಮೂರು ಅಥವಾ ಹೆಚ್ಚು ಜನರ ಗೋಡೆ ಕಟ್ಟಿದ್ದರೆ ನಮ್ಮವರು ಅದರಿಂದ ಕನಿಷ್ಠ 1 ಮೀಟರ್ ದೂರ ಇರಬೇಕು, 2019ರಿಂದ ಈ ನಿಯಮ. ಗೋಡೆಯೊಳಗೆ ತೂರಿ ನಿಲ್ಲುವ ಹಳೆಯ ಚಾಳಿ ಬಿಡಿ. ಎರಡನೆಯದು, ಎದುರಿನವರು ಚೆಂಡಿನಿಂದ ದೂರ ನಿಲ್ಲಬೇಕಾದ 9.15 ಮೀಟರ್ ಅಳೆದು ಕೊಡಿ ಎಂದು ನೀವು ರೆಫರಿಯನ್ನು ಕೇಳಿದರೆ ಸೀಟಿಗೆ ಕಾಯಬೇಕು. ಕೇಳದಿದ್ದರೆ, ಎದುರಿನವರು ಮೈಮರೆತಿದ್ದರೆ, ತಕ್ಷಣ ಒದೆಯಬಹುದು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 96ನೇ ನಿಮಿಷದಲ್ಲಿ ಹಾಗೆ ಒದ್ದದ್ದಕ್ಕೆ ಕೇರಳ ಬ್ಲಾಸ್ಟರ್ಸ್ ಅಂಗಳ ಬಿಟ್ಟೇ ಹೊರನಡೆಯಿತು. ಗೋಲ್ ಮಾತ್ರ ಉಳಿಯಿತು.

ಹಾವೇರಿ ಹಾಫ್‌ಬ್ಯಾಕ್:
ಕಾರ್ನರಿಗೂ ಅದ ಮಾತು. 2019 ಮೇ 7, ಲಿವರ್‌ಪೂಲ್ ತಂಡದ ಅಂಗಳ ಆನ್‌ಫೀಲ್ಡ್, 79ನೇ ನಿಮಿಷ. ಬಾರ್ಸಿಲೋನಾದವರು ಇನ್ನೂ ನಿಲ್ಲೋ ಜಾಗ ಹುಡಕಾಕತ್ತಿದ್ರು, ಅಲೆಕ್ಸಾಂಡರ್-ಆರ್ನಾಲ್ಡ್ ಮೂಲಿ ಬಿಟ್ಟು ಹೊಂಟವ ತಟ್ಟನ ಹೊಳ್ಳಿ ಒದ್ದ, ಒರಿಗಿ ಗೋಲ್ ಹೊಡದ. ನಮ್ಮ ಹುಡುಗ ಚೆಂಡು ಇಡಾಕ ತಗೊಳ್ಳೋ ಟೈಮ್‌ನಾಗ ಒಂದು ಚಾ ಕುಡದು ಬರಬಹುದು.

ಗದಗ ಎಡಗಾಲ:
ಇನ್ನ ಪ್ರಾಕ್ಟೀಸ್. ಇವ ದಿನಾ ಕತ್ತಲಾಗೋತನಕ ಒದಿತಾನ ಅಂತ ಎಲ್ಲಾರೂ ಹೊಗಳ್ತೀರಿ. ಹೊಗಳಬ್ಯಾಡ್ರಿ. ಬೆಳಿಯೋ ವಯಸ್ಸಿನಾಗ ಒಂದ ಕಾಲಲ್ಲಿ ಒಂದ ನಮೂನಿ ಜೋರ ಒದ್ದು ಒದ್ದು ತೊಡಿಸಂದಿ ನೋವು ಹಿಡೀತಂದ್ರ ತಿಂಗಳುಗಟ್ಟಲೆ ಕುಂದರಬೇಕು. ವಾರಕ್ಕ ಎರಡು ದಿನ, ಮೈ ಬಿಸಿ ಆದ ಮ್ಯಾಲೆ, ದಿನಕ್ಕ 24 ಒದಿತ. ಎಂಟೆಂಟರ ಮೂರು ಸುತ್ತು, ನಡುವ ಎರಡು ಮೂರು ನಿಮಿಷ ದಮ್ಮು ತಗೊಳ್ಳೋದು. ಪಂದ್ಯದ ಹಿಂದಿನ ದಿನ ಆರು ಸಾಕು. ತೊಡಿಸಂದ್ಯಾಗ ಚುಚ್ಚಿದ್ರ ಅಲ್ಲೇ ಬಂದ್.

ಗುರಿ: 5.5 ಮೀಟರ್ ಬಾಕ್ಸ್‌ನ ಮುಂದಿನ ಗೆರಿ ಮ್ಯಾಲೆ, ಸನೇದ ಕಂಬದ ನೇರಕ್ಕ, ನಾಲ್ಕು ಕೋನ್ ಇಟ್ಟು 2 ಮೀಟರ್‌ಗೆ 3 ಮೀಟರ್ ಚೌಕ. ಮೊದಲ ಡಿಫೆಂಡರ್ ನಿಲ್ಲೋ ಜಾಗಕ್ಕ ಒಂದು ಗಳಾ ನಿಲ್ಲಸ್ರಿ, ಅದರ ತುದಿಗೆ 2 ಮೀಟರ್ ಎತ್ತರಕ್ಕ ಒಂದು ಅರಬಿ ಕಟ್ರಿ. ಚೆಂಡು ಅರಬಿ ಮ್ಯಾಲಿಂದ ಹಾಯಬೇಕು, ಚೌಕದಾಗ ಇಳಿಬೇಕು. ಒದಿಯಾವನ ಹಿಂದಿಂದ ಮೊಬೈಲ್‌ನಾಗ ವಿಡಿಯೋ ತಗೀರಿ, ಗೋಲಿನ ಹಿಂದಿಂದ ತಗದ್ರ ತಿರುವು ಸರಿಯಾಗಿ ಕಾಣೂದಿಲ್ಲ. ಗಳಕ್ಕ ಬಡದದ್ದು, ಚೌಕದಾಗ ಬಿದ್ದದ್ದು, ದಾಟಿ ಹೋದದ್ದು, ಗೆರಿ ಹೊರಗ ಹೋದದ್ದು. ಈ ನಾಲ್ಕು ಕಲಂ ಒಂದು ವಹಿಯಾಗ ಬರಕೊಂಡ್ರ ಮೂರು ವಾರಕ್ಕ ಯಾವ ತಪ್ಪು ಹೆಚ್ಚು ಅಂತ ಗೊತ್ತಾಗತೈತಿ.

ಸಪ್ತಾಪುರ ಸ್ಟಾಪರ್:
ಒಪ್ಪಿದೆ. ಆದ್ರ ಒಳಗ ಓಡೋ ಐದು ಮಂದಿನೂ ಅದ 24ಕ್ಕ ಓಡಬೇಕು, ಇಲ್ಲಾಂದ್ರ ಇವ ಒಬ್ಬನ ಒದ್ದು ಏನು ಬಂತು. ಎಲ್ಲಾ 24ಕ್ಕೂ ತಲಿ ಕೊಡೋದು ಬ್ಯಾಡ, ಸಣ್ಣ ಹುಡುಗ್ರು. ಓಡಿ ಜಾಗಕ್ಕ ಬಂದು ಕೈಲೆ ಹಿಡದ್ರ ಸಾಕು. ಹೊರಡೋ ಸನ್ನಿ ಏನಿರಬೇಕು?

ಕೇಶ್ವಾಪುರ ಕೀಪರ್:
ಕೈ ಎತ್ತೋದು ಬ್ಯಾಡ, ಎದುರಿನವರೂ ಕೈ ನೋಡ್ತಾರ. ಅವ ಓಟದ ಎರಡನೇ ಹೆಜ್ಜಿ ಇಟ್ಟ ಕೂಡ್ಲೇ ಇವರು ಹೊರಡಲಿ.

ಹಾವೇರಿ ಹಾಫ್‌ಬ್ಯಾಕ್:
ಎರಡನೇ ಹೆಜ್ಜಿ ಇಡಾಕ ಜಾಗ ಬೇಕಲ್ಲ ಮೊದಲ. ಬಲ ಮೂಲ್ಯಾಗ ಅವಗ ಇರೋದ ಎರಡು ಹೆಜ್ಜಿ.

ಗದಗ ಎಡಗಾಲ:
ಅದನ್ನ ಮೊದಲ ಪೋಸ್ಟ್‌ನಾಗ ಬರದೇನಲ್ರಿ. ಭಾನುವಾರ ಪಂದ್ಯ ಮೂರೂವರಿಗೆ. ಯಾರು ಮೈದಾನದ ಸನೇಕ ಅದೀರಿ ಎರಡಕ್ಕ ಹೋಗಿ ಬಲ ಮೂಲಿ ಹಗ್ಗದ ಗೂಟ ಕಿತ್ತು ಮೂರು ಮೀಟರ್ ಹಿಂದ ಬಡೀರಿ. ಗಟಾರದ ಕಲ್ಲಿನ ಮ್ಯಾಲೆ ಒಂದು ಮಣ್ಣಿನ ಚೀಲ ಹಾಕ್ರಿ, ಹುಡುಗ ಎಡವಬಾರದು.

ಸಪ್ತಾಪುರ ಸ್ಟಾಪರ್:
ಗೂಟ ನಾ ನೋಡ್ಕೋತೇನಿ. ಎಡ ಮೂಲಿ ಯಾರಿಗೆ ಅನ್ನೋದು ಗಾಳಿ ನೋಡಿ ಅಲ್ಲೇ ಹೇಳೂಣು.